ಟೇಲರ್ ಕಾಕಾ ಕೊಟ್ಟ ಸೂಜಿ

ಮೊನ್ನೆ ಗುಂಡಿಯೊಂದನ್ನು ಹುಡುಕಲು ಹಳೇ ತಗಡಿನ ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿದೊಡನೆ ಹೊಲಿಗೆ ಮಷಿನ್ನಿನ ಎಣ್ಣೆಯ ವಾಸನೆ ಬಂತು. ಇಷ್ಟು ವರ್ಷವಾದರೂ ಹೋಗಿಲ್ಲ... ಆ ಡಬ್ಬಿ ಟೇಲರ್ ಕಾಕಾನದು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹಾನಗಲ್ಲಿನಲ್ಲಿ ಅವರ ಅಂಗಡಿಯ ಹಿಂದಿನ ಬಾಡಿಗೆ ಮನೆಯಲ್ಲಿ ನಾವಿದ್ದೆವು. ನಮ್ಮ ಮನೆಯವರು ಅಕ್ಕಿ ಗಿರಣಿಗೆ ಹೋಗುತ್ತಿದ್ದರು. ಬೆಳಗಾದರೆ ಸೆರೆ ಬೇಕು ಅನ್ನುವಷ್ಟು ಕುಡಿತಕ್ಕೆ ಬಿದ್ದಿದ್ದರು. ಕಾಕಾ ಕೂಡ ಒಂದು ಕಾಲಕ್ಕೆ ಹಾಗೇ ಇದ್ದವರು. ನಡುಗುವ ಕೈಯಲ್ಲಿ ಮದುವೆ ಹುಡುಗಿಯೊಬ್ಬಳ ಕುಪ್ಪಸದ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿಬಿಟ್ಟಿದ್ದರಂತೆ. ಅದನ್ನು ಮರೆಯಬಾರದೆಂದು ಆ ತುಂಡನ್ನು ಅಂಗಡಿಯ ಗೂಟಕ್ಕೆ ನೇತುಹಾಕಿದ್ದರು. ಕೇಳಿದವರಿಗೆ ಮುಚ್ಚಿಡದೆ ಹೇಳುತ್ತಿದ್ದರು.

ನಾನು ವಿಠ್ಠಲನನ್ನು ನಂಬಿದವಳು. ಒಂದು ಏಕಾದಶಿ, ಅತ್ತು ಕರೆದು ಮನೆಯವರನ್ನು ಗುಡಿಗೆ ಕರೆದೊಯ್ದು ಕೊರಳಿಗೆ ತುಳಸಿಮಾಲೆ ಹಾಕಿಸಿದೆ. ಮಾಲೆ ಹಾಕಿಕೊಂಡವರು ಸೆರೆ ಮುಟ್ಟುವಂತಿಲ್ಲ. ಎಂಟನೇ ದಿನ ಅವರು ಕುಡಿದರು. ಮಾಲೆಯನ್ನು ನಮ್ಮ ತುಳಸಿಕಟ್ಟೆಯ ಮೇಲೆ ಇಟ್ಟು, ನನಗೆ ಮುಖ ತೋರಿಸಲಾರದೆ ಊರು ಬಿಟ್ಟರು. ಮೂರು ದಿನ ಸುದ್ದಿಯಿಲ್ಲ. ದೀಪ ಹಚ್ಚಿದೆ, ಆದರೆ ಏನೂ ಬೇಡಿಕೊಳ್ಳಲಿಲ್ಲ. ಮಾಲೆ ಹಾಕಿಸಿ ಬೇಡಿದ್ದೇ ತಪ್ಪಾಯಿತೇನೋ ಎಂಬ ಅಂಜಿಕೆ...

ಕಾಕಾ ಅಂಗಡಿ ಮುಚ್ಚಿ ಬಸ್ಸು ಹತ್ತಿದರು. ಸೆರೆ ಅಂಗಡಿಗಳ ದಾರಿ ಅವರಿಗೆ ಹೊಸದಲ್ಲ. ಶಿಗ್ಗಾಂವಿಯಲ್ಲೆಲ್ಲ ಹುಡುಕಿ, ಕಡೆಗೆ ಸವಣೂರಿನಿಂದ ಮನೆಯವರನ್ನು ಕೈಹಿಡಿದು ಕರೆತಂದರು. ನನಗೆ ಹೇಳಿದ್ದು ಇಷ್ಟೇ.

"ಯವ್ವಾ, ಕೈ ನಡುಗೋ ಮನಷ್ಯಾನ ಮ್ಯಾಲೆ ಅಷ್ಟು ದೊಡ್ಡ ದೇವರ ಆಣಿ ಹೊರಸಬಾರದಿತ್ತು. ಮೊದಲ ಸೂಜ್ಯಾಗ ದಾರ ಪೋಣಸಲಿ. ಮಾಲಿ ಆಮ್ಯಾಲ."

ಮರುದಿನದಿಂದ ಗಿರಣಿಗೆ ಹೋಗುವ ಮುಂಚೆ ಮನೆಯವರು ಕಾಕಾನ ಅಂಗಡಿಯಲ್ಲಿ ಕೂತರು. ಅವರಂಥವರೇ ಇನ್ನಿಬ್ಬರು ಅಲ್ಲಿದ್ದರು. ಕಾಕಾ ಒಬ್ಬೊಬ್ಬರಿಗೂ ಸೂಜಿ, ದಾರ ಕೊಟ್ಟು ತಮ್ಮ ಪಾಡಿಗೆ ಮಷಿನ್ ತುಳಿಯುತ್ತಿದ್ದರು. ದಾರ ಎಷ್ಟು ಸಲ ಜಾರಿದರೂ ತಾವು ಪೋಣಿಸಿಕೊಡುತ್ತಿರಲಿಲ್ಲ. "ಯಾಕೋ ತಮ್ಮಾ, ಸೂಜಿಗೆ ಎರಡು ಕಣ್ಣು ಕಾಣಾಕತ್ತಾವೇನು?" ಎಂದರೆ ಉಳಿದಿಬ್ಬರು ನಗುತ್ತಿದ್ದರು. ಮನೆಯವರು ಮೊದಲು ಹಚ್ಚಿದ ಗುಂಡಿ ಅಂಗಿಯ ಎರಡೂ ಅಂಚನ್ನು ಸೇರಿಸಿ ಹೊಲಿದುಹೋಗಿತ್ತು. ಕಾಕಾ ಅದನ್ನು ಬಿಚ್ಚಿ, ಮತ್ತೆ ಅವರ ಕೈಗೇ ಕೊಟ್ಟರು.

ಒಮ್ಮೆ ಮಜ್ಜಿಗೆ ಕೊಡಲು ಹೋದಾಗ, ಇವರಿಗಾಗಿ ಎಷ್ಟು ಕಷ್ಟಪಡುತ್ತೀರಿ ಎಂದೆ. ಕಾಕಾ ಕತ್ತು ಎತ್ತಲಿಲ್ಲ. "ಇವರ ಸಲುವಾಗಿ ಅಷ್ಟ ಅಲ್ಲವಾ. ಒಬ್ಬನ ಕುಂತ್ರ ನನ್ನ ಕಾಲು ಇನ್ನೂ ಸೆರೆ ಅಂಗಡಿ ಕಡೇನ ಹೊಳ್ಳತಾವು."

ನಡುವೆ ಎರಡು ಸಲ ಮನೆಯವರು ತಪ್ಪಿ ಕುಡಿದರು. ಎರಡು ಸಲವೂ ಕಾಕಾ ಬೈಯಲಿಲ್ಲ, ಸೂಜಿ ಕೊಟ್ಟರು. ವರ್ಷ ತುಂಬುವ ಹೊತ್ತಿಗೆ, ನಾನು ಕೇಳದೆಯೇ, ಅವರಾಗಿಯೇ ಎತ್ತಿಟ್ಟಿದ್ದ ಮಾಲೆಯನ್ನು ತೆಗೆದುಕೊಂಡು, ಮತ್ತೆ ಹಾಕಿಸಿಕೊಳ್ಳಲು ಗುಡಿಗೆ ಹೊರಟರು. ಕಾಕಾನನ್ನೂ ಕರೆದೆವು. ಬರಲಿಲ್ಲ. ಅಂದು ಬೆಳಗ್ಗೆ ದುಂಡಸಿಯಿಂದ ಹೊಸಬನೊಬ್ಬ ಅಂಗಡಿಗೆ ಬಂದು ಕೂತಿದ್ದ.

ಆಮೇಲೆ ಎಷ್ಟೋ ಭಾನುವಾರ ಕಾಕಾ, ಮನೆಯವರು ಇಬ್ಬರೂ ಕೂಡಿ ಬಸ್ಸು ಹತ್ತಿ ಅಂಥವರನ್ನು ಹುಡುಕಿ ತಂದರು. ಎಲ್ಲರೂ ಉಳಿಯಲಿಲ್ಲ. ಉಳಿದ ಒಬ್ಬೊಬ್ಬರ ಹೆಸರು ಹೇಳಿ ನಾನು ದೇವರಿಗೆ ಹೂವು ಏರಿಸುತ್ತಿದ್ದೆ.

ಎಂಬತ್ತರ ದಶಕದ ನಡುವೆ ಕಾಕಾ ಹಿರೇಕೆರೂರಿನ ಮಗಳ ಮನೆಗೆ ಹೋದರು. ಹೋಗುವಾಗ ಈ ಡಬ್ಬಿಯನ್ನು ಮನೆಯವರ ಕೈಯಲ್ಲಿಟ್ಟರು. ಮುಂದೆ ಅವರು ಅಲ್ಲೇ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಮೂರನೇ ದಿನ. ಮಣ್ಣಿಗೆ ಹೋಗಿ ಕಡೆಯ ಸಲ ಮುಖ ನೋಡುವ ಭಾಗ್ಯವೂ ಇರಲಿಲ್ಲ... ಆ ಕೊರಗು ಇನ್ನೂ ಇದೆ.

ಈಗ ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಮೊನ್ನೆಯೂ ಮನೆಯವರೇ ಪೋಣಿಸಲು ಕೂತರು. ಕೊರಳಲ್ಲಿ ಅದೇ ಮಾಲೆ. ವಯಸ್ಸಾಗಿ ಕೈ ಮತ್ತೆ ನಡುಗುತ್ತದೆ. ದಾರ ಮೂರು ಸಲ ಜಾರಿತು. ನಾನು ಕೈ ಚಾಚಲಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಾದೆ.