ಕುಡಿಸಿದ ನೀರು

ತೊಂಬತ್ತರ ದಶಕದ ಕೊನೆಯಲ್ಲಿ, ನಾವು ದಾವಣಗೆರೆಯಲ್ಲಿದ್ದಾಗ, ನನ್ನ ಗಂಡನ ಎಡ ಮೂತ್ರಪಿಂಡದಲ್ಲಿ ಎರಡನೇ ಸಲ ಕಲ್ಲು ಕಟ್ಟಿತು. ಮೊದಲನೆಯದನ್ನು ತೆಗೆದ ಆಪರೇಷನ್ನಿನ ಗಾಯ ಇನ್ನೂ ಕೆಂಪಗಿತ್ತು. ನೋಡಲು ಬಂದವರೆಲ್ಲ ಡಾಕ್ಟರೇ. ಒಬ್ಬರು ಟೊಮೆಟೊ ಬಿಡಿಸಿದರು, ಇನ್ನೊಬ್ಬರು ಬಾಳೆದಿಂಡಿನ ರಸ ಹಿಡಿಸಿದರು. ಕೊನೆಗೆ ತಪ್ಪೆಲ್ಲ ನಮ್ಮ ಬೋರ್‌ವೆಲ್ ನೀರಿನ ತಲೆಗೆ ಬಂತು.

ಹರಿಹರದಲ್ಲಿದ್ದ ಅತ್ತೆ ಹೊಳೆ ನೀರನ್ನು ಕಾಯಿಸಿ, ಸೋಸಿ, ಕ್ಯಾನಿಗೆ ತುಂಬಿಕೊಂಡು ಬಸ್ಸಿನಲ್ಲಿ ತಾವೇ ತರತೊಡಗಿದರು. ಮಗನ ಎದುರು ಕೂತರೆ ಲೋಟ ಖಾಲಿಯಾಗುವವರೆಗೂ ಏಳುತ್ತಿರಲಿಲ್ಲ.

"ಇನ್ನೊಂದೀಟು ಕುಡಿಯಪ್ಪ. ಕಲ್ಲು ತೊಳಕಂಡು ಹೋಗ್ತೈತೆ."

ಕುಡಿದ ಸ್ವಲ್ಪ ಹೊತ್ತಿಗೆ ಇವರು ಪಕ್ಕೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದರು. ಕಲ್ಲು ಜಾರುತ್ತಿದೆ, ನೋವು ಒಳ್ಳೆಯ ಲಕ್ಷಣ ಎನ್ನುತ್ತ ಅತ್ತೆ ಮತ್ತೆ ಲೋಟ ತುಂಬುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕ್ಯಾನನ್ನು ಚರಂಡಿಗೆ ಸುರಿದುಬಿಡಲೇ ಅನ್ನಿಸುತ್ತಿತ್ತು. ಬಿಸಿಲಲ್ಲಿ ಬಾಡಿದ ಅವರ ಮುಖ ನೋಡಿ ಖಾಲಿ ಕ್ಯಾನನ್ನು ತೊಳೆದು ಕೊಡುತ್ತಿದ್ದೆ.

ಒಂದು ದಿನ ಚಳಿಜ್ವರ ಏರಿ ಇವರಿಗೆ ಎಚ್ಚರ ತಪ್ಪಿತು. ಬೇರೆ ಡಾಕ್ಟರ ಹತ್ತಿರ ಓಡಿದೆವು. ಅವರು ನರಕ್ಕೆ ಔಷಧಿ ಚುಚ್ಚಿಸಿ ಎಕ್ಸ್‌ರೇ ತೆಗೆಸಿದರು. ಬಲ ಮೂತ್ರಪಿಂಡ ಬೆಳ್ಳಗೆ ಮೂಡಿತ್ತು. ಎಡಗಡೆ ಕಲ್ಲು ಬಿಟ್ಟರೆ ಏನೂ ಕಾಣಲಿಲ್ಲ; ಆ ಮೂತ್ರಪಿಂಡ ಕೆಲಸವನ್ನೇ ನಿಲ್ಲಿಸಿತ್ತು.

"ನೀರಿನ ತಪ್ಪಲ್ಲಮ್ಮ, ಟೊಮೆಟೊದ್ದೂ ಅಲ್ಲ," ಎಂದರು ಡಾಕ್ಟರು. "ಮೂತ್ರ ಇಳಿಯೋ ನಾಳದ ಬಾಯಿ ಹುಟ್ಟಿದಾಗಿಂದ್ಲೇ ಸಣ್ಣದೈತೆ. ಪೂರಾ ಇಳಿಯಂಗಿಲ್ಲ, ಅಲ್ಲೇ ನಿಲ್ತೈತೆ. ನಿಂತಲ್ಲಿ ಉಪ್ಪು ತಳ ಹಿಡಿದು ಕಲ್ಲಾಗ್ತೈತೆ, ಕೀವೂ ಆಗ್ತೈತೆ. ಬರೀ ಕಲ್ಲು ತೆಗೆದ್ರೆ ಮತ್ತೆ ಕಟ್ಟದೆ ಬಿಡ್ತೈತಾ?"

"ಹಂಗಾರೆ ನಾನು ಕುಡಿಸಿದ ನೀರು?" ಅತ್ತೆ ಕೇಳಿದರು.

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟರು. "ಕಲ್ಲಿರೋರಿಗೆಲ್ಲ ನಾವೂ ಜಾಸ್ತಿ ನೀರು ಕುಡೀರಿ ಅಂತೀವಮ್ಮ. ಇವರಿಗೆ ಹೊರಗೆ ಹೋಗಾಕೆ ದಾರಿ ಇರಲಿಲ್ಲ. ಕುಡಿದಾಗೆಲ್ಲ ಉಬ್ಬಿ ನೋವಾಗೈತೆ."

"ಆ ಮೂತ್ರಪಿಂಡ ಉಳಿಸಾಕೆ ಆಗಲ್ವೇನ್ರಿ?" ಎಂದೆ.

"ತಡ ಆತಮ್ಮ. ತೆಗೀಬೇಕು."

"ನಂದು ಕಿತ್ತು ಇಕ್ರಿ," ಎಂದು ಅತ್ತೆ ಅವರ ಕಾಲು ಹಿಡಿದರು. ಒಂದಿದ್ದರೂ ಸಾಕು, ಬಲಗಡೆಯದು ಚೆನ್ನಾಗಿದೆ ಎಂದು ಎಷ್ಟು ಹೇಳಿದರೂ ಬಿಡಲೊಲ್ಲರು. ನಾನು ಗೋಡೆಗೆ ಆತು ನಿಂತಿದ್ದೆ. ಹಾಳಾದ ಆ ನಾಳವನ್ನು, ದೇವರನ್ನು, ಮೊದಲ ಆಪರೇಷನ್ ಮಾಡಿದವರನ್ನು ಮನಸ್ಸಿನಲ್ಲೇ ಬೈದೆ. ಯಾರನ್ನು ಬೈದರೂ ಸಮಾಧಾನವಾಗಲಿಲ್ಲ.

ಮೂತ್ರಪಿಂಡ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು, ಉಳಿದಿರುವುದನ್ನು ಜೋಪಾನ ಮಾಡಿ, ಇನ್ನು ಮೇಲೆ ಧಾರಾಳವಾಗಿ ನೀರು ಕುಡಿಸಿ ಎಂದರು.

ಮನೆಗೆ ಬಂದು ಮಲಗಿದ ಇವರು ಬಾಯಾರಿಕೆ ಎಂದರು. ಅತ್ತೆ ಲೋಟ ತುಂಬಿಕೊಂಡು ಮಂಚದವರೆಗೆ ಹೋದರು, ಅಲ್ಲೇ ನಿಂತುಬಿಟ್ಟರು.

"ಕೊಡ್ಲೇನವ್ವ?"

ಹೆತ್ತ ಮಗನಿಗೆ ನೀರು ಕೊಡಲು ನನ್ನನ್ನು ಕೇಳುತ್ತಿದ್ದರು. ಹೂಂ ಅನ್ನುವ ಧೈರ್ಯ ನನಗೂ ಬರಲಿಲ್ಲ.