ಮಡಚಬಾರದ ಕಾಲು

ನನ್ನ ಅಂಗಡಿಯ ಎದುರಿಗೇ ಲೆಮಾಲುವಿನ ಮನೆ. ಸವಾಯಿ ದ್ವೀಪದ ನಮ್ಮ ಹಳ್ಳಿಯ ಬೇರೆ ಮನೆಗಳಂತೆ ಅದಕ್ಕೂ ಗೋಡೆಯಿಲ್ಲ. ಕಂಬಗಳು, ಮೇಲೊಂದು ಮಾಡು, ಮಳೆಗಾಳಿ ಬಂದರೆ ಇಳಿಸಲು ತೆಂಗಿನ ಗರಿಯ ಪರದೆಗಳು. ಹಾಗಾಗಿ ಅವನ ಮಂಡಿಯ ಹಿಂಭಾಗದ ಕುರುವನ್ನು ನರ್ಸ್ ಕೊಯ್ದು ಕೀವು ತೆಗೆದು ಮನೆಗೆ ಕಳಿಸಿದ ಮೇಲೆ, ಅವನ ಆರೈಕೆ ಊರಿಗೆಲ್ಲ ಕಾಣುವಂತೆ ನಡೆಯಿತು.

ನರ್ಸ್ ಹೇಳಿದ್ದು ಕಷ್ಟದ್ದೇನಲ್ಲ. ಕೈ ತೊಳೆದುಕೊಂಡು ದಿನವೂ ಗಾಯಕ್ಕೆ ಸುತ್ತಿದ ಬಟ್ಟೆ ಬದಲಿಸಬೇಕು, ಕುದಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆಯಬೇಕು, ಹಿಸುಕಬಾರದು, ಕಾಲು ಚಾಚಿಯೇ ಇರಬೇಕು. ಗಾಯ ತಳದಿಂದ ತುಂಬಿಕೊಂಡು ಬರಬೇಕು. ಕಾಲು ಮಡಚಿ ಬಾಯಿ ಮೊದಲೇ ಮುಚ್ಚಿದರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ.

ಕಷ್ಟವಿದ್ದದ್ದು ಶನಿವಾರದಲ್ಲಿ. ಅಂದು ಲೆಮಾಲುವಿಗೆ ಮನೆತನದ ಯಜಮಾನಿಕೆಯ ಪಟ್ಟ. ಹಿರಿಯರ ಸಭೆಯಲ್ಲಿ, ಕಾವಾ ಎಂಬ ಬೇರಿನ ಪಾನೀಯದ ಬಟ್ಟಲಿನೆದುರು, ಚಕ್ಕಳಮಕ್ಕಳ ಹಾಕಿ ಅರ್ಧ ದಿನ ಕೂರಬೇಕು. ಹಿರಿಯರ ಕಡೆಗೆ ಪಾದ ಚಾಚುವುದೆಂದರೆ ಅವರ ಮುಖಕ್ಕೆ ಉಗುಳಿದ ಹಾಗೆ.

ಹಾದಿಯಲ್ಲಿ ಹಿರಿಯರೊಬ್ಬರು ಸುಳಿದರೆ ಸಾಕು, ಲೆಮಾಲು ಕಾಲು ಮಡಚಿ ನೆಟ್ಟಗೆ ಕೂರುತ್ತಿದ್ದ. ನಮ್ಮೂರಲ್ಲಿ ಹಿರಿಯರಿಗೆ ನಡೆದಾಡುವುದೇ ಕೆಲಸ. ಪರದೆ ಇಳಿಸು ಎಂದು ನಾನೇ ಹೇಳಿದ್ದೆ. ಹಗಲಲ್ಲಿ ಪರದೆ ಇಳಿಸಿದರೆ ಪಟ್ಟಕ್ಕೆ ಹೆದರಿ ಅಡಗಿದ ಅಂತಾರೆ ಎಂದ. ನನ್ನ ಅಂಗಡಿಯ ಬ್ಯಾಂಡೇಜು ಮಾತ್ರ ಚೆನ್ನಾಗಿ ಖರ್ಚಾಗುತ್ತಿತ್ತು. ಅದನ್ನು ನಾನು ದೂರಬಾರದು.

ಅವನನ್ನು ಸಾಕಿದವಳು ಸೋದರತ್ತೆ ಫೆತೂ. ಶುಕ್ರವಾರ ಬಟ್ಟೆ ಬಿಚ್ಚಿದವಳು ನರ್ಸಿಗೆ ಹೇಳಿಕಳಿಸಿದಳು. ಗಾಯದ ಬಾಯಿ ಅಂಟಿಕೊಂಡಿತ್ತು. ಸುತ್ತ ಕೆಂಪಗೆ, ಗಟ್ಟಿಯಾಗಿ, ಮುಟ್ಟಿದರೆ ಬಿಸಿ. ನರ್ಸ್ ಬಂದು ಮತ್ತೆ ಬಿಡಿಸಿ ಕೀವು ಹೊರಡಿಸಿದಳು. ಇನ್ನೊಮ್ಮೆ ಹೀಗಾದರೆ ದೋಣಿ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕಳಿಸುವೆ, ಕಾಲಿನ ಭರವಸೆ ಕೊಡಲಾರೆ ಎಂದು ಹೇಳಿ ಹೋದಳು.

ಒಂದು ದಾರಿಯಿತ್ತು. ಮುದುಕರು, ರೋಗಿಗಳು ಕಾಲು ಚಾಚಿ ಮೇಲೆ ಚಾಪೆ ಹೊದ್ದು ಕೂರಬಹುದು. ಚಾಪೆಯಡಿಯ ಕಾಲು ಯಾರ ಲೆಕ್ಕಕ್ಕೂ ಇಲ್ಲ. ಫೆತೂ ಅದನ್ನೇ ಹೇಳಿದಳು.

"ಪಟ್ಟದ ದಿನವೇ ಮುದುಕ ಆದ ಅಂತಾರೆ ಅತ್ತೆ," ಎಂದ ಲೆಮಾಲು.

ಅಷ್ಟರಲ್ಲಿ ಇದನ್ನು ಹಾದಿಯಿಂದಲೇ ಕೇಳಿಸಿಕೊಂಡ, ಸಭೆಯ ಪರವಾಗಿ ಮಾತಾಡುವ ಹಿರಿಯ ತುವಾಲೆ ಒಳಗೆ ಬಂದು ಕೂತ. ಲೆಮಾಲುವಿನ ಮಂಡಿ ಅಭ್ಯಾಸಬಲದಿಂದ ಮೇಲೆದ್ದಿತು. ಫೆತೂ ಅದರ ಮೇಲೆ ಅಂಗೈಯಿಟ್ಟು ಒತ್ತಿದಳು. ಒಳಬಂದ ಹಿರಿಯನ ಎದುರಿಗೇ ಪಾದ ಹಾಗೇ ಚಾಚಿಕೊಂಡಿತು. ತುವಾಲೆ ಆ ಪಾದವನ್ನೂ ಅವಳ ಕೈಯನ್ನೂ ನೋಡಿದ.

"ನಾಳೆ ಚಾಪೆ ಹೊದ್ಕೊಂಡು ಕೂತ್ಕೊ ಮಗಾ," ಎಂದ. "ನಗೋರು ನಗ್ತಾರೆ, ಮನೆಗೆ ಹೋಗಿ ಮರೀತಾರೆ. ಮಡಚ್ಕೊಂಡು ಕೂತು ಕಾಲು ಹೋದ್ರೆ, ಅಳೋಕೆ ನಿಮ್ಮತ್ತೆ ಒಬ್ಳೇ ಇರ್ತಾಳೆ."

ಶನಿವಾರ ಅವನು ಕಂಬಕ್ಕೊರಗಿ ಚಾಪೆ ಹೊದ್ದು ಕೂತ. ಹಿಂದಿನ ಸಾಲಿನಲ್ಲಿ ಯಾರೋ, ಅಜ್ಜನಿಗೆ ದಿಂಬು ಕೊಡಿ ಎಂದರು. ನಗು ಎದ್ದಿತು. ಚಾಪೆ ಒಮ್ಮೆ ಅಲುಗಿತು, ಅಡಿಯ ಕಾಲು ಮಡಚಲಿಲ್ಲ. ಕಾವಾ ಬಟ್ಟಲು ಹಿಡಿದವನು ಪಟ್ಟದ ಹೊಸ ಹೆಸರನ್ನು ಕೂಗಿದ. ಲೆಮಾಲು ಕುಳಿತಲ್ಲೇ ಕುಡಿದ.

ಸಂಜೆ ಬೆಳಕಿರುವಾಗಲೇ ಎದುರು ಮನೆಯ ಪರದೆಗಳು ಒಂದೊಂದಾಗಿ ಇಳಿದವು. ಫೆತೂ ಗಾಯದ ಬಟ್ಟೆ ಬಿಚ್ಚುತ್ತಿದ್ದಾಳೆಂದು ತಿಳಿದು ನಾನು ಸಕ್ಕರೆ ತೂಗುವುದನ್ನು ನಿಲ್ಲಿಸಿದೆ.

"ಬಿಸಿ ಇಳಿದಿದೆ," ಎಂದಳು ಫೆತೂ. "ಬಾಯಿ ತೆರೆದೇ ಇದೆ."

ಸ್ವಲ್ಪ ಹೊತ್ತಿನ ಮೇಲೆ ಹೊಸ ಯಜಮಾನನ ದನಿ: "ಪರದೆ ಎತ್ತು ಅತ್ತೆ. ಹಿರಿಯರು ಹಾದಿಯಲ್ಲಿ ಹೋಗ್ತಿದಾರೆ, ಅಡಗಿದ ಅಂತಾರೆ."

"ಹೋಗ್ಲಿ ಬಿಡು."