ಪಿತೃಪಕ್ಷದಲ್ಲಿ ಅಗೆದ ರಸ್ತೆ

ಶಿಕಾರಿಪುರದಲ್ಲಿ ನಾವು ಕಟ್ಟಿದ ಮನೆಯ ಗೃಹಪ್ರವೇಶಕ್ಕೆ ಬಂದವರು ಅವತ್ತಿನ ಹೋಳಿಗೆಯನ್ನು ಮರೆತಿರಬಹುದು, ಎದುರು ಮನೆಯ ಕಕ್ಕಸನ್ನು ಮಾತ್ರ ಮರೆತಿಲ್ಲ. ನಮ್ಮಲ್ಲಿ ಹೊಚ್ಚ ಹೊಸ ಬಿಳಿ ಕಮೋಡು ಇತ್ತು, ಗೋಡೆಗೆ ನೀಲಿ ಟೈಲ್ಸ್ ಇತ್ತು, ನಲ್ಲಿ ತಿರುಗಿಸಿದರೆ ನೀರೂ ಬರುತ್ತಿತ್ತು. ಆ ನೀರು ಹೊರಗೆ ಹೋಗಲು ದಾರಿ ಇರಲಿಲ್ಲ, ಅಷ್ಟೇ. ಮನೆಯ ಪೈಪು ಗೇಟಿನ ತನಕ ಬಂದು ನಿಂತಿತ್ತು. ಅದನ್ನು ರಸ್ತೆ ನಡುವಿನ ಒಳಚರಂಡಿಗೆ ಸೇರಿಸಬೇಕಾದರೆ ಪುರಸಭೆಯ ಅನುಮತಿ ಬೇಕು, ಅದಿನ್ನೂ ಬಂದಿರಲಿಲ್ಲ, ಹಾಗಾಗಿ ಬಂದವರೆಲ್ಲ ಎದುರು ಮನೆಗೇ ಹೋಗಿಬರಬೇಕಾಯಿತು. ಯಾರೂ ಒಳಗೆ ಹೋಗದಿರಲಿ ಎಂದು ನನ್ನ ಯಜಮಾನರು ಆ ಬಾಗಿಲಿಗೆ ಅಡ್ಡ ದಾರ ಕಟ್ಟಿ, ಕಣ್ಣಿಗೆ ಬೀಳಲಿ ಎಂದು ನಾಲ್ಕು ಮಾವಿನೆಲೆ ಸಿಕ್ಕಿಸಿದ್ದರು. ನೆಂಟರೊಬ್ಬರು ಅದನ್ನೇ ದೇವರ ಕೋಣೆ ಎಂದುಕೊಂಡು ಕೈ ಮುಗಿದರು.

ಇದಕ್ಕೆ ಪುರಸಭೆಯವರನ್ನು ಬೈಯುವಂತಿಲ್ಲ. ನಾವು ಅರ್ಜಿ ಹಾಕಿದ್ದೇ ತಡವಾಗಿ. ತಳಪಾಯ ಏಳುವಾಗಲೇ ಪ್ಲಂಬರ್, "ಅಕ್ಕಾರೆ, ಒಳಚರಂಡಿ ಕನೆಕ್ಷನ್‌ಗೆ ಈಗ್ಲೇ ಅರ್ಜಿ ಕೊಟ್ಟಿಡ್ರಿ, ಆಮೇಲೆ ಓಡಾಡಬೇಕಾಗ್ತತಿ" ಎಂದಿದ್ದ. ನಾನು ಅರ್ಜಿ ಬರೆದೂ ಇದ್ದೆ. ನನ್ನವ್ವ ಬಿಡಲಿಲ್ಲ. "ದೇವರ ಕೋಣೆಗೆ ಇನ್ನೂ ಬಾಗಿಲೇ ಕೂತಿಲ್ಲ, ಕಕ್ಕಸಿಗೆ ಅರ್ಜಿ ಹಾಕ್ತಾಳಂತೆ! ಯಾವ್ದು ಮೊದ್ಲು, ಯಾವ್ದು ಆಮೇಲೆ ಅಂತ ಬೇಡ್ವಾ ಮಾರಾಯ್ತಿ?" ಸರಿ, ದೇವರ ಬಾಗಿಲು ಕೂರಲಿ ಎಂದು ಕಾದೆವು. ಬಡಗಿ ಆ ಬಾಗಿಲಿಗೆ ನವಿಲು ಕೆತ್ತುತ್ತಾ ಕೂತ. ನವಿಲಿಗೆ ಗರಿ ಮೂಡುವ ತನಕ ಅರ್ಜಿ ನನ್ನ ಬ್ಯಾಗಿನಲ್ಲೇ ಇತ್ತು.

ತಮಾಷೆ ಏನೆಂದರೆ, ಆ ಮನೆ ಕಟ್ಟಿಸಿದ್ದೇ ಅವ್ವನಿಗೋಸ್ಕರ. ಸೊರಬದ ಬಾಡಿಗೆ ಮನೆಯಲ್ಲಿ ಕಕ್ಕಸು ಹಿತ್ತಲಿನ ತುದಿಯಲ್ಲಿತ್ತು. ಅಲ್ಲಿಗೆ ಹೋಗುವ ಕಲ್ಲಿನ ಮೆಟ್ಟಿಲ ಮೇಲೆ ಜಾರಿಯೇ ಅವಳ ಸೊಂಟ ಮುರಿದಿದ್ದು. ಆಪರೇಷನ್ ಆಗಿ ಓಡಾಡುವಂತಾದಳು, ಆದರೆ ನೀರು ಕುಡಿಯುವುದನ್ನು ಬಿಟ್ಟಳು. ಕುಡಿದರೆ ಹಿತ್ತಲಿಗೆ ಹೋಗಬೇಕಲ್ಲ! ಬಾಯಿ ಒದ್ದೆ ಮಾಡಿಕೊಂಡು ಲೋಟ ಕೆಳಗಿಡುತ್ತಿದ್ದಳು. ಉರಿಮೂತ್ರವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ನೀರು ಕುಡಿಸಿ ಎಂದರು. ಕೇಳಿದರೆ ಇವಳು "ಬಾಯಾರಿಕೇನೇ ಆಗಲ್ಲ ಕಣೆ" ಅನ್ನುವಳು. ತುಟಿ ಒಡೆದು ಸಿಪ್ಪೆ ಎದ್ದಿರುತ್ತಿತ್ತು. ನೋಡಿದರೆ ನನಗೆ ಸಂಕಟವಾಗುತ್ತಿತ್ತು, ಸಂಕಟವಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಗೃಹಪ್ರವೇಶ ಮುಗಿಸಿ, ಒಂದು ರಾತ್ರಿ ಮಲಗೆದ್ದು, ಹೊಸ ಮನೆಗೆ ಬೀಗ ಹಾಕಿ ಮತ್ತೆ ಸೊರಬಕ್ಕೆ ಬಂದೆವು. ನನ್ನ ಟೈಲರ್ ಅಂಗಡಿ ಶಿಕಾರಿಪುರದಲ್ಲೇ ಇರುವುದರಿಂದ ದಿನಾ ಬೆಳಿಗ್ಗೆ ಬಸ್ಸಿಳಿದು ಮೊದಲು ಪುರಸಭೆ, ಆಮೇಲೆ ಅಂಗಡಿ ಎಂದಾಯಿತು. ಗುಮಾಸ್ತರು ಒಳ್ಳೆಯವರು. "ಬರ್ರಿ ಅಕ್ಕಾರೆ, ಇವತ್ತೇನ್ ತಂದೀರಿ?" ಎಂದು ಅಳಿಯನ ಮನೆಯವರ ಥರ ವಿಚಾರಿಸುತ್ತಿದ್ದರು. ಖಾತೆ ನಕಲು ಕೊಟ್ಟೆ, ಕಂದಾಯದ ರಸೀದಿ ಕೊಟ್ಟೆ, ನಕ್ಷೆ ಕೊಟ್ಟೆ. ಗೇಟಿನ ಹತ್ತಿರದ ಪೈಪಿನ ಫೋಟೋ ಕೇಳಿದರು, ತೆಗೆದುಕೊಂಡು ಹೋದೆ. ಗೃಹಪ್ರವೇಶದ ದಿನ ಅವ್ವ ಕಂಡಕಂಡದ್ದಕ್ಕೆಲ್ಲ ಕುಂಕುಮ ಇಡುತ್ತಾ ಬಂದವಳು ಪೈಪಿನ ಬಾಯಿಗೂ ಇಟ್ಟುಬಿಟ್ಟಿದ್ದಳು. ಫೋಟೋ ನೋಡಿದ ಗುಮಾಸ್ತರು, "ಪೂಜಿ ಆಗೇತಲ್ರೀ, ಇನ್ನೇನ್ ಪಾಸಾದಂಗೆ ಬಿಡ್ರಿ" ಎಂದು ನಕ್ಕರು. ಎಂಜಿನಿಯರ್ ಬಂದು ಮಟ್ಟ ನೋಡಿದರು, ರಸ್ತೆ ಅಗೆಯುವ ಕಡೆ ಸುಣ್ಣದಲ್ಲಿ ಗೆರೆ ಹಾಕಿಸಿದರು. ಅನುಮತಿ ಬಂತು. ಜೊತೆಗೊಂದು ಎಚ್ಚರಿಕೆಯೂ ಬಂತು: ದಸರೆಗೆ ಮೊದಲೇ ಆ ಬೀದಿಗೆ ಕಾಂಕ್ರೀಟ್ ಹಾಕುತ್ತಾರೆ, ಹಾಕಿದ ಮೇಲೆ ಸದ್ಯಕ್ಕೆ ಯಾರಿಗೂ ಅಗೆಯಲು ಬಿಡುವುದಿಲ್ಲ. ಅಂದರೆ ಅಮಾವಾಸ್ಯೆಯೊಳಗೆ ಪೈಪು ಸೇರಬೇಕು.

ನಾನು ಕುಣಿಯುತ್ತಾ ಸೊರಬಕ್ಕೆ ಬಂದೆ. ಅವ್ವ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದಳು.

"ಪಿತೃಪಕ್ಷ ಕಣೆ. ಪಕ್ಷದಾಗೆ ಯಾರಾದ್ರೂ ಭೂಮಿ ಅಗೀತಾರಾ?"

ಪ್ಲಂಬರ್‌ಗೆ ಫೋನ್ ಮಾಡಿದರೆ ಅವನದೂ ಅದೇ ರಾಗ. "ಪಕ್ಷದಾಗ ಹೊಸ ಕೆಲ್ಸ ಹಿಡಿಯಂಗಿಲ್ರೀ ಅಕ್ಕಾರೆ. ನಮ್ಮಾಳುಗಳೂ ಬರಂಗಿಲ್ಲ." ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಟ್ಟಿದ್ದ, ನಮ್ಮ ಮನೆದೇವತೆ ಕೊಡಲು ತಯಾರಿರಲಿಲ್ಲ.

ನಾನು ಕೂಗಾಡಿದೆ. "ಅದೆಂಥ ಹೊಸ ಭೂಮಿ ಅವ್ವಾ? ಬಂದಳಿಕೆ, ತಾಳಗುಂದ ಇರೋ ತಾಲ್ಲೂಕು ಅದು. ಎಲ್ಲಿ ಅಗೆದ್ರೂ ನಮಗಿಂತ ಮೊದ್ಲು ಯಾರೋ ಅಗೆದೇ ಇರ್ತಾರೆ!"

"ಅವ್ರು ಪಕ್ಷದಾಗೆ ಅಗೆದಿರಲಿಕ್ಕಿಲ್ಲ. ಅದ್ಕೇ ಗುಡಿಗಳು ಇಷ್ಟಾದ್ರೂ ಉಳ್ಕಂಡಿದಾವೆ" ಎಂದಳು.

ನನ್ನ ಯಜಮಾನರು ಮೆಲ್ಲಗೆ ಪೇಪರ್ ಹಿಡಿದು ಹೊರಗೆ ಹೋದರು. ನಾನು ಮಾತು ಬಿಟ್ಟೆ. ಊಟಕ್ಕೆ ಕೂತಾಗ ಅವ್ವ ಎಂದಿನಂತೆ ಲೋಟಕ್ಕೆ ತುಟಿ ತಾಗಿಸಿ ಕೆಳಗಿಟ್ಟಳು. ಆ ಲೋಟ ಎತ್ತಿ ಹಿತ್ತಲಿಗೆ ಎಸೆಯಬೇಕು ಅನ್ನಿಸಿತು.

ಅಮಾವಾಸ್ಯೆ ಹತ್ತಿರ ಬಂತು. ಹಿರಿಯರಿಗೆ ಎಡೆ ಇಡುವ ತಯಾರಿ ನಡೆಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಎಡೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಿದವಳಲ್ಲ. ಅವರಿಗೆ ಇಷ್ಟದ ಕಡುಬು, ಎಣ್ಣೆಗಾಯಿ, ಕೊನೆಗೆ ಎಲೆಅಡಿಕೆ. ಬಂದ ಹಿರಿಯರು ಕಾಲು ತೊಳೆಯಲು ಬಾಗಿಲಲ್ಲಿ ಒಂದು ತಂಬಿಗೆ ನೀರು. ಆ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೇಳಿದಳು.

"ಎಡೆ ಇಲ್ಲಿಡಾದಾ, ಅಲ್ಲಿಡಾದಾ?"

"ನಿಂಗೆ ಎಲ್ಲಿ ಬೇಕೋ ಅಲ್ಲಿಡು" ಎಂದೆ. ಸಿಟ್ಟು ಇಳಿದಿರಲಿಲ್ಲ.

"ಹಾಲುಕ್ಕಿದ ಮನೆ. ಅಲ್ಲೇ ಇಡ್ಬೇಕು." ಎರಡು ಸಲ ಉಜ್ಜಿದಳು, ಕೈ ನಿಂತಿತು. "ಹಂಗಾದ್ರೆ ನಿಮ್ಮಪ್ಪ ಅಲ್ಲಿಗೇ ಬರ್ತಾರಲ್ಲೇ."

"ಬರ್ಲಿ ಬಿಡು" ಎಂದೆ.

"ಕೊನೇ ಮಳೆಗಾಲದಾಗೆ ಈ ಹಿತ್ಲಿಗೆ ಹೋಗಕ್ಕಾಗ್ದೆ ಅವ್ರು ಎಷ್ಟು ನಾಚ್ಕಂಡ್ರು ಅಂತ ನಿಂಗೊತ್ತಿಲ್ಲ. ನನ್ ಹೆಗಲು ಹಿಡ್ಕಂಡು ಹೋಗೋರು. ಹೋಗ್ತಾನೂ ಒಂದ್ ಮಾತಿಲ್ಲ, ಬರ್ತಾನೂ ಒಂದ್ ಮಾತಿಲ್ಲ." ತಂಬಿಗೆ ಕೆಳಗಿಟ್ಟಳು. "ಮಗಳು ಕಟ್ಸಿದ ಮನೆ ಅಂತ ಬಂದ್ರೆ, ನಾನು ಅವ್ರನ್ನ ಎದುರ್ ಮನೆಗೆ ಕಳಿಸ್ಲಾ?"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವ್ವ ಮಾತ್ರ ಆಗಲೇ ಯಜಮಾನಿಕೆಗೆ ಇಳಿದಿದ್ದಳು.

"ಆ ಪ್ಲಂಬರ್‌ಗೆ ಫೋನ್ ಹಚ್ಚು. ಅಮಾಸೆ ಒಳಗೆ ಮುಗ್ಸು ಅನ್ನು. ಇದು ಹೊಸ ಕೆಲ್ಸ ಅಲ್ಲ, ಹಿರಿಯರ ಕೆಲ್ಸ."

ಹಾಗೆಯೇ ಹೇಳಿದೆ. ಪ್ಲಂಬರ್, "ಹಿರೇರ ಕೆಲ್ಸ ಅಂದ್ರ ಆತು ಬಿಡ್ರಿ, ಬರ್ತೀವಿ" ಎಂದ.

ಅಮಾವಾಸ್ಯೆಯ ಹಿಂದಿನ ದಿನ ನಾವೆಲ್ಲ ಶಿಕಾರಿಪುರಕ್ಕೆ ಬಂದೆವು, ಆಳುಗಳು ಸುಣ್ಣದ ಗೆರೆಯಗುಂಟ ರಸ್ತೆ ಕತ್ತರಿಸಿದರು. ಬೀದಿಯವರೆಲ್ಲ ಬಂದು ನಿಂತು ತಲೆಗೊಂದು ಸಲಹೆ ಕೊಟ್ಟರು. ಪಕ್ಷದಲ್ಲಿ ಅಗೆಯುತ್ತೀರಾ ಎಂದು ಕೇಳಿದವರಿಗೆಲ್ಲ ಅವ್ವ ಕಟ್ಟೆಯ ಮೇಲೆ ಕೂತು ತನ್ನ ಹೊಸ ಶಾಸ್ತ್ರ ವಿವರಿಸಿದಳು. ಸಂಜೆಗೆ ಪೈಪು ಸೇರಿತು. ನಾನು ಒಳಗೆ ಫ್ಲಶ್ ಒತ್ತಿದೆ. ರಸ್ತೆಯ ಮ್ಯಾನ್‌ಹೋಲಿನ ಹತ್ತಿರ ಬಗ್ಗಿ ನಿಂತ ಪ್ಲಂಬರ್ "ಬಂತ್ರೀ ಅಕ್ಕಾರೆ!" ಎಂದು ಕೂಗಿದ. ಹೆರಿಗೆ ಕೋಣೆಯ ಹೊರಗೆ ಕಾಯುತ್ತಿದ್ದವರ ಹಾಗೆ ನಾವೆಲ್ಲ ಹೋ ಎಂದೆವು. ಎದುರು ಮನೆಯವರು ಎಲ್ಲರಿಗಿಂತ ಜೋರಾಗಿ.

ಮಾರನೆಯ ದಿನ ಎಡೆ ಇಡುವ ಮುಂಚೆ ಅವ್ವ ಗೋಡೆ ಹಿಡಿದುಕೊಂಡು ಹೊಸ ಕಕ್ಕಸಿಗೆ ಹೋಗಿ, ಬಕೆಟ್ ತುಂಬಿಸಿ, ಅಪ್ಪನ ಕೆಂಪು ಅಂಚಿನ ಟವೆಲ್ಲನ್ನು ಗೂಟಕ್ಕೆ ಹಾಕಿ ಬಂದಳು. ಬಾಗಿಲು ಪೂರ್ತಿ ಹಾಕದೆ ಸ್ವಲ್ಪ ತೆರೆದೇ ಇಟ್ಟಳು. ಎಡೆ ಇಟ್ಟು, ಧೂಪ ಹಾಕಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಂತು, ಆಮೇಲೆ ಒಳಗೆ ಬಂದು ಊಟಕ್ಕೆ ಕೂತೆವು.

ಊಟ ಮುಗಿಯಿತು. ಅವ್ವ ಲೋಟ ಎತ್ತಿದಳು. ಕೆಳಗಿಡುತ್ತಾಳೆ ಎಂದು ನೋಡುತ್ತಿದ್ದೆ. ಇಡಲಿಲ್ಲ. ಗಟಗಟ ಎಂದು ತಳ ಕಾಣುವ ತನಕ ಕುಡಿದು, ಖಾಲಿ ಲೋಟವನ್ನು ನನ್ನ ಮುಂದೆ ಚಾಚಿದಳು.

"ಇನ್ನೊಂದ್ ಲೋಟ ಕೊಡೆ. ಎಣ್ಣೆಗಾಯಿಗೆ ಉಪ್ಪು ಜಾಸ್ತಿ ಹಾಕಿದೀಯ."

ಉಪ್ಪು ಸರಿಯಾಗಿಯೇ ಇತ್ತು. ನಾನು ಲೋಟ ತುಂಬಿಸಿ ಕೊಟ್ಟೆ.